ನಾಲ್ಕರಲ್ಲಿ ಒಂದು ಅಂದರೆ ಏನು?

ನಮ್ಮ ಬೀದರ್ ಕಡೆ ಮಗುವಿಗೆ ವಿಚಿತ್ರ ಕಾಯಿಲೆ ಬಂದರೆ ಮೊದಲು ಬರುವ ಪ್ರಶ್ನೆ, ‘ತಾಯಿ ಕಡೆ ಯಾರಿಗಿತ್ತು?’ ತಂದೆ ಕಡೆ ಯಾರಿಗಿತ್ತು ಅಂತ ಯಾರೂ ಕೇಳಲ್ಲ. ವೀಕ್ಷಕರೇ, ಇವತ್ತು ಆ ಪ್ರಶ್ನೆಯನ್ನೇ ಸ್ವಲ್ಪ ಬಿಡಿಸಿ ನೋಡೋಣ.

ಥಲಸ್ಸೇಮಿಯಾ ತಗೊಳ್ಳಿ. ಹುಟ್ಟಿದಾಗ ಮಗು ಚೆನ್ನಾಗೇ ಇರುತ್ತೆ. ಕೆಲವು ತಿಂಗಳು ಕಳೆದ ಮೇಲೆ ಬಿಳಿಚಿಕೊಳ್ಳುತ್ತೆ, ಬೆಳವಣಿಗೆ ಕುಂಠಿತವಾಗುತ್ತೆ. ಕಾಯಿಲೆ ತೀವ್ರ ಸ್ವರೂಪದ್ದಾದರೆ ಮೂರ್ನಾಲ್ಕು ವಾರಕ್ಕೊಮ್ಮೆ ರಕ್ತ ಹಾಕಿಸಬೇಕು. ಔರಾದ್ ತಾಲ್ಲೂಕಿನ ಕೂಲಿ ಕುಟುಂಬಕ್ಕೆ ಇದರ ಅರ್ಥ ಏನು? ಪ್ರತಿ ಸಲ ಬಸ್ಸು, ಹೋದ ಕೂಲಿ, ಆ ಗುಂಪಿನ ರಕ್ತ ಸಿಗುತ್ತೋ ಇಲ್ಲವೋ ಅನ್ನೋ ಆತಂಕ.

ಆದರೆ ಅಪ್ಪ, ಅವ್ವ ಇಬ್ಬರೂ ಗಟ್ಟಿಮುಟ್ಟು. ಹಾಗಾದರೆ ಬಂತೆಲ್ಲಿಂದ? ಹೆಚ್ಚುಕಡಿಮೆ ಪ್ರತಿ ವಂಶವಾಹಿಯೂ ನಮ್ಮಲ್ಲಿ ಎರಡೆರಡು ಇರುತ್ತೆ. ಅಪ್ಪನಿಂದ ಒಂದು, ಅವ್ವನಿಂದ ಒಂದು. ನಾನು ಓದಿದ್ದು ಎಂಜಿನಿಯರಿಂಗ್, ನಮ್ಮ ಭಾಷೆಯಲ್ಲಿ ಇದು ಬ್ಯಾಕಪ್. ಒಂದು ಕೆಟ್ಟಿದ್ದರೂ ಇನ್ನೊಂದು ಕೆಲಸ ನಡೆಸುತ್ತೆ. ಇಂಥವರನ್ನು ವಾಹಕರು ಅಂತಾರೆ. ಪರೀಕ್ಷೆ ಮಾಡಿಸದಿದ್ದರೆ ಅವರಿಗೆ ಗೊತ್ತೇ ಆಗಲ್ಲ.

ಇಬ್ಬರು ವಾಹಕರು ಮದುವೆಯಾದರೆ, ಪ್ರತಿ ಮಗುವಿಗೂ ಅಪ್ಪ ಒಂದು ನಾಣ್ಯ ಚಿಮ್ಮಿದಂತೆ, ಅವ್ವ ಒಂದು ಚಿಮ್ಮಿದಂತೆ. ಎರಡೂ ಕೆಟ್ಟ ಕಡೆ ಬೀಳುವ ಸಾಧ್ಯತೆ ನಾಲ್ಕರಲ್ಲಿ ಒಂದು. ‘ಮೊದಲನೇದಕ್ಕ ಬಂದದ, ಇನ್ನ ಮೂರಕ್ಕ ಬರಂಗಿಲ್ಲ’ ಅನ್ನೋದು ಶುದ್ಧ ತಪ್ಪು. ನಾಣ್ಯಕ್ಕೆ ನೆನಪಿರಲ್ಲ. ಎರಡನೇ ಮಗುವಿಗೂ ಅದೇ ನಾಲ್ಕರಲ್ಲಿ ಒಂದು, ಮೂರನೆಯದಕ್ಕೂ ಅಷ್ಟೇ.

ಈಗ ಸೋದರಿಕೆಗೆ ಬರೋಣ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಕಾಲುಭಾಗಕ್ಕಿಂತ ಹೆಚ್ಚು ಮದುವೆಗಳು ರಕ್ತಸಂಬಂಧದಲ್ಲೇ ಆಗಿವೆ. 1955ರ ಹಿಂದೂ ವಿವಾಹ ಕಾಯ್ದೆ ಮಾವ–ಸೊಸೆ ಸಂಬಂಧವನ್ನು ನಿಷೇಧಿಸುತ್ತೆ, ರೂಢಿ ಇದ್ದರೆ ಮಾತ್ರ ವಿನಾಯಿತಿ. ನಮ್ಮಲ್ಲಿ ವಿನಾಯಿತಿಯೇ ರೂಢಿಯಾಗಿಬಿಟ್ಟಿದೆ! ಭಾಲ್ಕಿಯಲ್ಲಿ ಹಿರಿಯರನ್ನು ಕೇಳಿ, ‘ಮನಿ ಹೆಣ್ಣು ಮನ್ಯಾಗೇ ಇರ್ಲಿ, ಹೊಲ ಹೊರಗ ಹೋಗೂದು ಬ್ಯಾಡ’ ಅಂತಾರೆ. ಹೊಲದ ಜೊತೆ ಕೆಟ್ಟ ವಂಶವಾಹಿಯೂ ಮನೆಯಲ್ಲೇ ಉಳಿಯುತ್ತೆ.

ಲೆಕ್ಕ ನೋಡಿ. ಹುಡುಗ ವಾಹಕ ಅಂದುಕೊಳ್ಳಿ. ಅವನ ಅಕ್ಕನಿಗೂ ಅದೇ ಬಂದಿರುವ ಸಾಧ್ಯತೆ ಅರ್ಧ, ಅಕ್ಕನ ಮಗಳಿಗೆ ಅದರಲ್ಲಿ ಅರ್ಧ, ಅಂದರೆ ನೂರಕ್ಕೆ 25. ಸೋದರಮಾವನ ಮಗಳಾದರೆ ಸುಮಾರು 12. ಹೊರಗಿನ ಹುಡುಗಿಯಾದರೆ? ಭಾರತದಲ್ಲಿ ಥಲಸ್ಸೇಮಿಯಾ ವಾಹಕರು ನೂರಕ್ಕೆ ಮೂರ್ನಾಲ್ಕು ಜನ. ಹಾಗಂತ ಸಂಬಂಧದಲ್ಲಿ ಮದುವೆಯಾದವರ ಮಕ್ಕಳೆಲ್ಲ ರೋಗಿಗಳಲ್ಲ, ಬಹುಪಾಲು ಆರೋಗ್ಯವಾಗೇ ಹುಟ್ತಾರೆ. ಹೊರಗಿನ ಸಂಬಂಧ ಅಂದ ಮಾತ್ರಕ್ಕೆ ಗ್ಯಾರಂಟಿಯೂ ಇಲ್ಲ.

ಕುಡಗೋಲು ಕಣ ರಕ್ತಹೀನತೆ, ಅಂದರೆ ಸಿಕಲ್ ಸೆಲ್ ಕೂಡ ಹೀಗೇ ಬರೋದು. ಅದರ ನಿರ್ಮೂಲನೆಗೆ ಕೇಂದ್ರ ಸರ್ಕಾರ 2023ರ ಜುಲೈ 1ರಂದು ಶುರುಮಾಡಿದ ರಾಷ್ಟ್ರೀಯ ಮಿಷನ್‌ನಲ್ಲಿ ಕರ್ನಾಟಕವೂ ಇದೆ.

ಥಲಸ್ಸೇಮಿಯಾ ವಾಹಕರನ್ನು ಗುರುತಿಸಲು ಒಂದು ರಕ್ತಪರೀಕ್ಷೆ ಸಾಕು. ಮದುವೆಗೆ ಮುಂಚೆ ಮಾಡಿಸಿದರೆ ಒಳ್ಳೇದು. ಮದುವೆ ಆಗಿಹೋಗಿದೆಯಾ? ಗಾಬರಿ ಬೇಡ. ಇಬ್ಬರೂ ವಾಹಕರಾದರೆ ಗರ್ಭದ ಮೂರನೇ ತಿಂಗಳಲ್ಲೇ ಮಗುವಿನ ಸ್ಥಿತಿ ತಿಳಿಯುವ ಪರೀಕ್ಷೆ ಇದೆ, ವೈದ್ಯರನ್ನು ಬೇಗ ಕಾಣಬೇಕು. ಒಂದೇ ಷರತ್ತು: ಹೆಂಡತಿ ವಾಹಕಿ ಅಂತ ರಿಪೋರ್ಟ್ ಬಂದರೆ ಅವಳನ್ನು ತವರಿಗೆ ಕಳಿಸಬೇಡಿ. ಗಂಡ ಅವತ್ತೇ ಲ್ಯಾಬಿಗೆ ಹೋಗಿ ತನ್ನ ತೋಳು ಚಾಚಲಿ.