ಗೇಣು ಕಿರಿದು, ಹೆಜ್ಜೆ ಕಿರಿದು

ಎತ್ತರದವರು, ಗಿಡ್ಡರು, ಸ್ಥೂಲಕಾಯರು, ಸಣಕಲರು ಎಂದು ಲೋಕವು ಮನುಷ್ಯರನ್ನು ವಿಂಗಡಿಸಿ ಒಂದೊಂದು ಪಂಗಡಕ್ಕೂ ಒಂದೊಂದು ಬಗೆಯ ಹಾಸ್ಯವನ್ನು ಕಾದಿರಿಸಿದೆ. ನಮ್ಮ ಪಂಗಡಕ್ಕೆ ಮಾತ್ರ ಇನ್ನೂ ಹೆಸರೇ ಬಿದ್ದಿಲ್ಲ. ನಾವು ಎತ್ತರದಲ್ಲಿ ಎಲ್ಲರಂತೆ. ತೂಕದಲ್ಲಿಯೂ, ಸಂಸಾರದ ಭಾರದಲ್ಲಿಯೂ ಎಲ್ಲರಂತೆ. ಆದರೆ ಕೈಗಳಿಗೆ ಮಣಿಕಟ್ಟಿನಿಂದಾಚೆಗೂ ಕಾಲುಗಳಿಗೆ ಕಣಕಾಲಿನಿಂದ ಕೆಳಕ್ಕೂ ಹನ್ನೆರಡನೆಯ ವಯಸ್ಸಿನಲ್ಲಿಯೇ ಮುಂಬಡ್ತಿ ನಿಂತುಹೋಗಿದೆ. ನಾವು ಸರಕಾರಿ ಕಚೇರಿಯ ಗುಮಾಸ್ತರಾದುದರಿಂದ ಇದನ್ನು ಸಹಿಸಿಕೊಳ್ಳುವ ಅಭ್ಯಾಸ ಮೊದಲೇ ಇದೆಯೆನ್ನಿ.

ದೂರದಿಂದ ನೋಡಿದವರಿಗೆ ಇದು ತಿಳಿಯುವುದಿಲ್ಲ. ಕೈ ಕುಲುಕಿದಾಗ ತಿಳಿಯುತ್ತದೆ. ಸಂಘದ ಸಭಾಗೃಹದ ಬಾಗಿಲಲ್ಲಿ ಚಪ್ಪಲಿ ಬಿಟ್ಟಾಗ ತಿಳಿಯುತ್ತದೆ. "ಇದು ಯಾವ ಮಗುವಿನದಪ್ಪಾ?" ಎಂದು ಸ್ವಯಂಸೇವಕರು ಅದನ್ನು ಮಕ್ಕಳ ಸಾಲಿಗೆ ಸರಿಸಿಟ್ಟಿರುತ್ತಾರೆ. ಒಂದು ಲಾಭವಂತೂ ಉಂಟು: ಮದುವೆಮನೆಗಳಲ್ಲಿ ನಮ್ಮ ಚಪ್ಪಲಿಯನ್ನು ಯಾರೂ ಮರೆತು ಮೆಟ್ಟಿಕೊಂಡು ಹೋದದ್ದಿಲ್ಲ.

ಮನುಷ್ಯನ ಪಾದದ ಉದ್ದ ಅವನ ಎತ್ತರದ ನೂರಕ್ಕೆ ಸುಮಾರು 15 ಪಾಲು ಇರುತ್ತದೆ. ಈ ಲೆಕ್ಕದಂತೆ ಐದೂವರೆ ಅಡಿಯ ಆಳಿಗೆ ಹತ್ತು ಇಂಚಿಗೆ ಕೊಂಚ ಕಡಿಮೆ ಪಾದ ಬರಬೇಕು. ನಮ್ಮದು ಒಂಬತ್ತು ಇಂಚು. ಒಂದು ಇಂಚು ಏನು ಮಹಾ ಎನ್ನಬೇಡಿ. ನಮ್ಮ ದೇಶದಲ್ಲಿ ರೂಢಿಯಲ್ಲಿರುವ ಇಂಗ್ಲಿಷರ ಬೂಟಿನ ಅಳತೆಯಲ್ಲಿ ಒಂದು ನಂಬರಿಗೂ ಮುಂದಿನ ನಂಬರಿಗೂ ಇರುವ ಅಂತರ ಇಂಚಿನ ಮೂರರಲ್ಲಿ ಒಂದು ಪಾಲು, ಎಂದರೆ ಒಂದು ಜವೆಗೋಧಿಯ ಕಾಳಿನ ಉದ್ದ. ಒಂದು ಇಂಚು ಕಡಿಮೆಯಾದರೆ ಮೂರು ನಂಬರು ಕೆಳಗೆ ಇಳಿದಂತೆ. ಮಕ್ಕಳ ಅಳತೆ 13ರವರೆಗೆ ಹೋಗಿ, ಅಲ್ಲಿಂದ ಮತ್ತೆ 1 ಎಂದು ದೊಡ್ಡವರ ಲೆಕ್ಕ ಆರಂಭವಾಗುತ್ತದೆ. ನಮ್ಮದು ಆ ಎರಡನೆಯ ಸರಣಿಯ ನಾಲ್ಕು. ಅಂಗಡಿಗಳಲ್ಲಿಯೋ ಗಂಡಸರ ಬೂಟು ಸಾಮಾನ್ಯವಾಗಿ ಆರರಿಂದ ಶುರು.

ದಾದರಿನ ಒಂದು ಅಂಗಡಿಯಲ್ಲಿ ನಾಲ್ಕನೆಯ ನಂಬರು ಕೇಳಿದಾಗ, "ಮಗನನ್ನೇ ಕರೆದುಕೊಂಡು ಬನ್ನಿ ಸಾಹೇಬರೆ, ಹಾಕಿ ನೋಡಿಬಿಡೋಣ" ಎಂದು ಮಾರುವ ಹುಡುಗ ಬಹಳ ಮರ್ಯಾದೆಯಿಂದ ಹೇಳಿದ. ಕೊನೆಗೆ ಮಕ್ಕಳ ವಿಭಾಗದ ಮೋಟು ಬೆಂಚಿನ ಮೇಲೆ, ಐದನೆಯ ತರಗತಿಯ ಬಾಲಕನೊಬ್ಬನ ಪಕ್ಕದಲ್ಲಿ ಕುಳಿತು, ಕಪ್ಪು ಶಾಲಾ ಬೂಟನ್ನು ಹಾಕಿ ನೋಡಿದ್ದಾಯಿತು. ಅಂದಿನಿಂದ ನಾವು ಕಚೇರಿಗೆ ಹೋಗುವುದು ಶಾಲಾ ಬೂಟಿನಲ್ಲಿಯೇ. ಬೆಲೆ ಕಡಿಮೆ ಎಂಬುದು ನಿಜ. ಆದರೆ ಮೂವತ್ತು ಕಿಲೋ ತೂಗುವ ಹುಡುಗನಿಗೆಂದು ಮಾಡಿದ ಅಟ್ಟೆಯ ಮೇಲೆ ಅರವತ್ತೈದು ಕಿಲೋದ ಗುಮಾಸ್ತ ನಿಂತರೆ ಅದು ಎಷ್ಟು ದಿನ ಬಾಳೀತು? ಉದ್ದವು ಮಕ್ಕಳದಾದರೂ ಪಾದದ ಅಗಲವು ದೊಡ್ಡವರದೇ ಆದುದರಿಂದ ಕಿರುಬೆರಳಿನ ಪಕ್ಕದಲ್ಲಿ ಮೊದಲು ಬಿರಿಯುತ್ತದೆ.

ಶಾಲಾ ಬೂಟನ್ನು ಒಲ್ಲದವರು ಆರನೆಯ ನಂಬರನ್ನೇ ಕೊಂಡು ಮುಂಗಾಲಿನಲ್ಲಿ ಹತ್ತಿ ತುರುಕಿಕೊಳ್ಳುತ್ತಾರೆ. ಇದು ನಗುವ ಮಾತಲ್ಲ. ಹಿಮ್ಮಡಿ ಜಾರುವ ಬೂಟಿನಲ್ಲಿ ಮುಂಬಯಿಯ ಸ್ಟೇಷನ್ನಿನ ಮೆಟ್ಟಿಲುಗಳನ್ನು ಮಳೆಗಾಲದ ಬೆಳಗಿನ ಗರ್ದಿಯಲ್ಲಿ ಇಳಿಯುವುದೆಂದರೆ ಏನೆಂದು ಇಲ್ಲಿನ ವಾಚಕರಿಗೆ ಹೇಳಬೇಕಾಗಿಲ್ಲ. ಅಲ್ಲಿ ಬೂಟು ಕಳಚಿದರೆ ಬಗ್ಗಿ ಹಾಕಿಕೊಳ್ಳಲು ಯಾರು ಬಿಟ್ಟಾರು? ಹೆಂಗಸರ ಪಾಡು ಇನ್ನೂ ಕಷ್ಟ. ಎರಡನೆಯ ನಂಬರಿನ ಪಾದದವರಿಗೆ ದೊಡ್ಡವರ ಸಾಲಿನಲ್ಲಿ ಸಿಕ್ಕುವುದು ಅಪರೂಪ. ಮಕ್ಕಳ ಸಾಲಿನಲ್ಲಿ ಸಿಕ್ಕುವುದಕ್ಕೆಲ್ಲ ಚಿಟ್ಟೆ, ಮಿನುಗು, ನಡೆದರೆ ಹೊತ್ತಿಕೊಳ್ಳುವ ದೀಪ. ಅದನ್ನು ಹಾಕಿಕೊಂಡು ಬ್ಯಾಂಕಿನ ಕೌಂಟರಿನಲ್ಲಿ ಕೂರುವುದು ಹೇಗೆ?

ಈ ವಿಷಯದಲ್ಲಿ ಒಂದು ಒಳ್ಳೆಯ ಸುದ್ದಿ ಚೆನ್ನೈಯಿಂದ ಬಂದಿದೆ. ಅಲ್ಲಿ 1948ರಿಂದ ಇರುವ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆಯವರು 2021ರ ಡಿಸೆಂಬರಿನಿಂದ 2022ರ ಮಾರ್ಚಿಯವರೆಗೆ ದೇಶದ 79 ಸ್ಥಳಗಳಲ್ಲಿ ಲಕ್ಷಕ್ಕೂ ಮಿಕ್ಕಿದ ಜನರ ಪಾದಗಳನ್ನು ಯಂತ್ರದಿಂದ ಅಳೆದರು. ಭಾರತೀಯರ ಪಾದವು ಪಾಶ್ಚಾತ್ಯರದಕ್ಕಿಂತ ಅಗಲ. ಬೂಟು ಇಕ್ಕಟ್ಟೆಂದು ನಾವು ಬೇಕಾದುದಕ್ಕಿಂತ ಉದ್ದನೆಯದನ್ನು ಕೊಂಡು ತೊಡುತ್ತ ಬಂದಿದ್ದೇವೆ ಎಂಬುದು ಅವರು ಕಂಡುಕೊಂಡ ಸಂಗತಿ. ಇದರ ಮೇಲೆ ‘ಭ’ ಎಂಬ ಹೆಸರಿನಲ್ಲಿ, ಎಂಟು ವರ್ಗಗಳುಳ್ಳ ಸ್ವದೇಶೀ ಅಳತೆಯೊಂದನ್ನು ಸೂಚಿಸಿದ್ದಾರೆ. ಸಂತೋಷ. ಆದರೆ ಆ ವರ್ಗಗಳನ್ನು ಮಾಡಿರುವುದು ವಯಸ್ಸಿನ ಮೇಲೆ: ಇಷ್ಟು ವರ್ಷದವರೆಗೆ ಬಾಲಕರು, ಅಲ್ಲಿಂದ ಮುಂದೆ ಗಂಡಸರು. ಬಾಲಕರ ಪಾದವುಳ್ಳ ಗಂಡಸರು ಯಾವ ಕಪಾಟಿನ ಮುಂದೆ ನಿಲ್ಲಬೇಕೆಂಬುದನ್ನು ಅಂಗಡಿಯವರೇ ತೀರ್ಮಾನಿಸಬೇಕಾದೀತು.

ಎಲ್ಲವನ್ನೂ ನಡುವಣ ಗಾತ್ರದವನಿಗೆ ಒಪ್ಪಿಸಿಬಿಡುವ ಪದ್ಧತಿ ಹೊಸತೇನೂ ಅಲ್ಲ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಎಂಟು ಜವೆಯ ಕಾಳುಗಳ ನಡು ಸೇರಿದರೆ ಒಂದು ಅಂಗುಲ, ಇಲ್ಲವೆ ಮಧ್ಯಮ ಗಾತ್ರದ ಪುರುಷನ ನಡುಬೆರಳಿನ ಅಗಲವೇ ಅಂಗುಲ ಎಂದಿದೆ. ನಮಗೆ ಹಿತವಾಗಿರುವುದು ವೈದ್ಯರ ಮಾತು. ಚರಕಸಂಹಿತೆಯು ದೇಹವನ್ನು ಅವರವರ ಬೆರಳಿನಿಂದಲೇ ಅಳೆಯುತ್ತದೆ. ಹಾಗೆ ಅಳೆದರೆ ಎತ್ತರ 84 ಅಂಗುಲ. ಈ ಪ್ರಮಾಣದಂತೆ ನಮ್ಮ ಸ್ವಂತ ಬೆರಳಿನಿಂದ ನಮ್ಮನ್ನು ಅಳೆದುಕೊಂಡರೆ ನಾವು ಊರಿಗೆಲ್ಲ ಎತ್ತರದವರಾಗುತ್ತೇವೆ!

ನಮ್ಮ ಹಳೆಯ ಅಳತೆಗಳೆಲ್ಲ ಕೈಯಲ್ಲಿಯೇ ಇದ್ದವಲ್ಲವೆ? ಚಿಟಿಕೆ, ಹಿಡಿ, ಬೊಗಸೆ, ಚೋಟು, ಗೇಣು, ಮೊಳ. ಮಾಟುಂಗದಲ್ಲಿ ಹೂವು ಕೊಳ್ಳುವಾಗ ಮೊಳ ಹಾಕುವುದು ಮಾರುವವಳ ಕೈ; ಅವಳೂ ನಮ್ಮ ಪಂಗಡದವಳಾದರೆ ಮಾಲೆ ಗಿಡ್ಡವಾಗುತ್ತದೆ, ಜಗಳ ಉದ್ದವಾಗುತ್ತದೆ. ಅಡಿಗೆಮನೆಯಲ್ಲಿ ಅತ್ತೆಯವರು "ಒಂದು ಹಿಡಿ ಬೇಳೆ, ಎರಡು ಹಿಡಿ ಅಕ್ಕಿ" ಎಂದು ಹೇಳಿಕೊಟ್ಟ ಬಿಸಿಬೇಳೆ ಭಾತು ಸೊಸೆಯ ಕೈಯಲ್ಲಿ ಮನೆಮಂದಿಗೆ ಸಾಲದೆ ಬಂದರೆ ಅದು ಲೋಭವಲ್ಲ, ಬರಿಯ ಹಿಡಿಯ ವ್ಯತ್ಯಾಸ. ಪಾವು-ಲೋಟದ ಲೆಕ್ಕ ಬಂದ ಮೇಲೆ ನಮ್ಮವರ ಎಷ್ಟೋ ಮನೆಗಳಲ್ಲಿ ಶಾಂತಿ ನೆಲೆಸಿದೆ.

ಕೈಯ ವಿಷಯದಲ್ಲಿ ನಿಜವಾದ ತೊಂದರೆ ಇರುವುದು ಕೆಲಸದ ಜಾಗದಲ್ಲಿ. ನಮ್ಮ ಬಂಧುವರ್ಗದ ಒಬ್ಬರು ದಾದಿಯಾಗಿದ್ದಾರೆ. ಶಸ್ತ್ರಚಿಕಿತ್ಸೆಯ ಕೈಗವಸುಗಳಿಗೆ ಐದೂವರೆಯಿಂದ ಒಂಬತ್ತರವರೆಗೆ ಅರ್ಧರ್ಧ ಅಂತರದಲ್ಲಿ ನಂಬರುಗಳುಂಟು. ಅವರಿಗೆ ಬೇಕಾದುದು ಐದೂವರೆ, ಬರುವುದು ಏಳು. ಬೆರಳ ತುದಿಯಲ್ಲಿ ರಬ್ಬರು ಜೋತಾಡುತ್ತಿರುವಾಗ ಮಗುವಿನ ಸಣ್ಣ ನರವನ್ನು ಹುಡುಕಿ ಸೂಜಿ ಚುಚ್ಚಬೇಕು. "ಇಂಡೆಂಟಿನಲ್ಲಿ ಬರೆದು ಕೊಡಿ ಎನ್ನುತ್ತಾರೆ, ಬರೆದು ಕೊಟ್ಟದ್ದು ಎರಡು ವರ್ಷವಾಯಿತು" ಎಂದರು. ಒಬ್ಬಳಿಗಾಗಿ ಬೇರೆ ನಂಬರನ್ನು ತರಿಸುವುದೇಕೆ ಎಂಬ ಟಿಪ್ಪಣಿ ಯಾವ ಫೈಲಿನಲ್ಲಿ ಮಲಗಿದೆಯೋ! ಅಂಥ ಟಿಪ್ಪಣಿಗಳನ್ನು ಬರೆಯುವ ಕುರ್ಚಿಯಲ್ಲಿಯೇ ಕುಳಿತಿರುವ ನಮಗೆ ಈ ಮಾತು ಚುಚ್ಚಿತು.

ಸ್ಕೂಟರ್, ಮೋಟಾರುಸೈಕಲ್ ನಡೆಸುವವರೂ ಕೇಳಿಸಿಕೊಳ್ಳಬೇಕು. ಬ್ರೇಕಿನ ಹಿಡಿಯನ್ನು ಬೆರಳ ತುದಿಯಿಂದ ಮಾತ್ರ ಮುಟ್ಟಲಾಗುತ್ತಿದ್ದರೆ ಗಟ್ಟಿಯಾಗಿ ಒತ್ತಬೇಕಾದ ಹೊತ್ತಿಗೆ ಬಲ ಸಾಲುವುದಿಲ್ಲ. ಹಿಡಿಯನ್ನು ಕೈಗೆ ಹತ್ತಿರ ತರುವ ತಿರುಪು ಕೆಲವು ಗಾಡಿಗಳಲ್ಲಿ ಇರುತ್ತದೆ. ಕೊಳ್ಳುವ ಮೊದಲೇ ಕೇಳಿ ನೋಡಿಕೊಳ್ಳುವುದು ಮೇಲು. ಟೆಲಿಫೋನಿನ ಮಾತಂತೂ ಬೇಡ. ಈಗಿನವು ಅಂಗೈಗಿಂತ ಅಗಲ. ಆಪಲ್ ಕಂಪನಿಯವರು 2020ರಲ್ಲಿಯೂ 2021ರಲ್ಲಿಯೂ ‘ಮಿನಿ’ ಎಂಬ ಕಿರಿಯ ಫೋನನ್ನು ಹೊರಡಿಸಿ, 2023ರಲ್ಲಿ ಆ ಗಾತ್ರವನ್ನೇ ಕೈಬಿಟ್ಟರು. ನಮ್ಮ ಸಂಬಳಕ್ಕೆ ಅದು ಹೇಗೂ ದೂರವಿತ್ತು, ಆ ಮಾತು ಬೇರೆ.

ಸಂಗೀತ ಕಲಿಯಲು ಹೋದ ನಮ್ಮ ಮಕ್ಕಳಿಗೆ "ಈ ಬೆರಳಿಗೆ ವಾದ್ಯ ಬೇಡ, ಹಾಡು ಕಲಿಯಲಿ" ಎಂಬ ಉಪದೇಶ ಸಿಕ್ಕುವುದುಂಟು. ಅಂಥವರಿಗೆ ಜೋಸೆಫ್ ಹಾಫ್‌ಮನ್ ಎಂಬ ಪಿಯಾನೋ ವಾದಕನ (1876–1957) ವಿಷಯ ಹೇಳಬೇಕು. ಕಳೆದ ಶತಮಾನದ ಅತಿ ದೊಡ್ಡ ವಾದಕರಲ್ಲಿ ಒಬ್ಬನೆನಿಸಿದ ಈತನ ಕೈಗಳು ಪುಟ್ಟವು. ಸ್ಟೈನ್‌ವೇ ಕಂಪನಿಯವರು ಅವನಿಗಾಗಿ ಮಣೆಗಳನ್ನು ಕೊಂಚ ಕಿರಿದು ಮಾಡಿದ ಪಿಯಾನೋಗಳನ್ನು ತಯಾರಿಸಿಕೊಟ್ಟರು. ರಾಕ್ಮನಿನೋಫ್ ಎಂಬ ರಷ್ಯನ್ ಸಂಗೀತಗಾರ, ಬಹು ದೊಡ್ಡ ಕೈಗಳಿಗೆ ಹೆಸರಾದವನು, 1909ರಲ್ಲಿ ರಚಿಸಿದ ತನ್ನ ಮೂರನೆಯ ಕನ್ಚರ್ಟೋವನ್ನು ಹಾಫ್‌ಮನ್ನನಿಗೇ ಅರ್ಪಿಸಿದ. ಹಾಫ್‌ಮನ್ ಅದನ್ನು ಸಭೆಯಲ್ಲಿ ಒಮ್ಮೆಯೂ ನುಡಿಸಲಿಲ್ಲವೆಂಬುದೂ ನಿಜ; ಅದರಿಂದ ಅವನ ದೊಡ್ಡತನವೇನೂ ಕುಗ್ಗಲಿಲ್ಲ. ಸಾಮಾನ್ಯ ಪಿಯಾನೋದಲ್ಲಿ ಒಂದು ಸಪ್ತಕದ ಅಗಲ ಆರೂವರೆ ಇಂಚು. ಈಗ ಆರು ಇಂಚಿನ, ಐದೂವರೆ ಇಂಚಿನ ಮಣೆಗಳನ್ನೂ ಮಾಡುವವರಿದ್ದಾರೆ. ವಾದ್ಯವು ಕೈಗೆ ಹೊಂದಬಹುದೆಂದು ಅಲ್ಲಿ ಯಾರಿಗೋ ಹೊಳೆಯಿತು.

ಇದು ಕಾಯಿಲೆಯೇ ಎಂದು ಕೇಳುವವರೂ ಇದ್ದಾರೆ. ಕೆಲವು ಹುಟ್ಟುಕಾಯಿಲೆಗಳಲ್ಲಿ ಬೇರೆ ಲಕ್ಷಣಗಳ ಜೊತೆಗೆ ಕೈಕಾಲು ಕಿರಿದಾಗಿರುವುದುಂಟು. ಆದರೆ ನಮ್ಮಲ್ಲಿ ಹೆಚ್ಚಿನವರದು ಅಜ್ಜಿಯದೋ ಸೋದರಮಾವನದೋ ಕೊಡುಗೆ, ಅಷ್ಟೆ. ಅಂಜಬೇಕಾದ್ದು ಇದಕ್ಕೆ ವಿರುದ್ಧವಾದುದಕ್ಕೆ. ದೊಡ್ಡವರಾದ ಮೇಲೆ ಉಂಗುರ ಬಿಗಿಯಾಗುತ್ತ, ಬೂಟಿನ ನಂಬರು ಏರುತ್ತ ಹೋದರೆ ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿಯಲ್ಲಿ ಗೆಡ್ಡೆ ಇರಬಹುದು, ವೈದ್ಯರಿಗೆ ತೋರಿಸತಕ್ಕದ್ದು.

ಲೋಕದ ನಾಲಗೆಯೂ ವಿಚಿತ್ರ. ಅದೇ ಪಾದ ಹೆಣ್ಣಿನದಾದರೆ ಲಕ್ಷ್ಮೀಪಾದ, ಗಂಡಸಿನದಾದರೆ ನಗೆಯ ವಸ್ತು. ಹೆಣ್ಣಿನ ಪುಟ್ಟ ಪಾದವನ್ನು ಹೊಗಳುವುದೂ ಮಿತಿ ಮೀರಿದರೆ ಏನಾಗುತ್ತದೆಂಬುದಕ್ಕೆ ಚೀನಾ ದೇಶವೇ ಸಾಕ್ಷಿ: ಅಲ್ಲಿ ಶತಮಾನಗಳ ಕಾಲ ಎಳೆಯ ಹೆಣ್ಣುಮಕ್ಕಳ ಬೆರಳುಗಳನ್ನು ಮಡಿಸಿ, ಮೂಳೆ ಮುರಿದು, ಬಟ್ಟೆ ಬಿಗಿದು ಪಾದ ಬೆಳೆಯದಂತೆ ಮಾಡಿದರು. 1912ರಲ್ಲಿ ಗಣರಾಜ್ಯವು ನಿಷೇಧಿಸಿದ ಮೇಲೂ ಹಳ್ಳಿಗಳಲ್ಲಿ ಅದು ಬಹುಕಾಲ ನಡೆಯಿತು. ನಮ್ಮವರೇ ವಾಸಿ. ಕಾಲ್ಗುಣ ಎಂಬುದನ್ನು ನಂಬಿದರೂ ಅದಕ್ಕೆ ಇಂಚುಪಟ್ಟಿ ಹಿಡಿದವರಿಲ್ಲ. ಬಳೆಗಾರರಂತೂ ನಮ್ಮ ಹೆಂಗಸರನ್ನು ಕಂಡರೆ ಹಿಗ್ಗುತ್ತಾರೆ. ಎರಡು-ನಾಲ್ಕು, ಎರಡು-ಆರು ಎಂದು ಅವರು ಹೇಳುವುದು ಒಳವ್ಯಾಸವನ್ನು, ಎರಡು ಇಂಚಿನ ಮೇಲೆ ಹದಿನಾರರಲ್ಲಿ ನಾಲ್ಕು ಪಾಲು, ಆರು ಪಾಲು ಎಂಬ ಲೆಕ್ಕದಲ್ಲಿ. ಎರಡು-ಎರಡನ್ನೂ ಸಲೀಸಾಗಿ ಏರಿಸಿಕೊಳ್ಳುವ ಕೈಯಲ್ಲಿ ಬಳೆ ಒಡೆಯುವ ನಷ್ಟವಿಲ್ಲ.

ನಮ್ಮ ಕಟ್ಟಡದ ಮೂರನೆಯ ಮಹಡಿಯಲ್ಲಿ ಧಾರವಾಡದ ಕಡೆಯ ಒಂದು ಕುಟುಂಬವಿದೆ. ಅವರ ಹಿರಿಯ ಮಗ ಹೋದ ವರ್ಷ ಆರು ತಿಂಗಳಲ್ಲಿ ನಾಲ್ಕರಿಂದ ಆರಕ್ಕೆ ಏರಿ, ಹೊಸತೆಂಬಂತಿದ್ದ ಆಟದ ಬೂಟನ್ನು ಬಿಟ್ಟುಬಿಟ್ಟ. ತಾಯಿ ಸಂಕೋಚದಿಂದಲೇ, "ತಪ್ಪು ತಿಳೀಬ್ಯಾಡ್ರಿ, ಒಮ್ಮೆ ಹಾಕ್ಕೊಂಡು ನೋಡ್ರಿ" ಎಂದು ಕಳಿಸಿಕೊಟ್ಟರು. ಕಾಲಿಗೆ ಕಚ್ಚಿ ಕುಳಿತಿತು. ಅದರಲ್ಲಿಯೇ ಈಗಲೂ ಬೆಳಗಿನ ತಿರುಗಾಟ. ಕಿರಿಯ ಹುಡುಗ ಈಗ ಎರಡನೆಯ ನಂಬರಿನಲ್ಲಿದ್ದಾನೆ. ದಿನವೂ ಹಾಲು ಕುಡಿಯುತ್ತಾನೆಯೇ ಎಂದು ನಾವು ಅಕ್ಕರೆಯಿಂದ ವಿಚಾರಿಸುತ್ತಿರುತ್ತೇವೆ.