ನಡಿಗೆಯ ಲೆಕ್ಕ

ತುಮಕೂರು ಹೆದ್ದಾರಿಯಲ್ಲಿ ಮಾದಾವರವನ್ನು ದಾಟಿ ನೆಲಮಂಗಲದ ಕಡೆಗೆ ಹೊರಟರೆ ಮಾಕಳಿ ಸಿಕ್ಕುತ್ತದೆ. ಮಾದಾವರದವರೆಗೆ ಮೆಟ್ರೋ ರೈಲು ಬಂದುದು 2024ರ ನವೆಂಬರಿನಲ್ಲಿ. ಆದರೆ ರೈಲಿನಿಂದಲೋ ಬಸ್ಸಿನಿಂದಲೋ ಇಳಿದ ಮೇಲೆ ಕಡೆಯ ಒಂದೆರಡು ಫರ್ಲಾಂಗಿಗೆ ಕಾಲೇ ಗತಿಯಷ್ಟೆ!

ಇಂಥ ಹೆದ್ದಾರಿಯನ್ನು ದಾಟುವವರ ಸ್ಥಿತಿಯನ್ನು ನಾವು ಸ್ವಲ್ಪ ಲೆಕ್ಕ ಹಾಕಿ ನೋಡೋಣ. ದಾಟಬೇಕಾದ ಅಗಲ 14 ಮೀಟರು ಎಂದಿಟ್ಟುಕೊಳ್ಳಿ. ಸೆಕೆಂಡಿಗೆ 1.2 ಮೀಟರಿನಂತೆ ನಡೆಯುವವನಿಗೆ ಸುಮಾರು 12 ಸೆಕೆಂಡು ಬೇಕು. ಗಂಟೆಗೆ 60 ಕಿಲೋಮೀಟರು ವೇಗದ ಲಾರಿಯು ಅಷ್ಟರಲ್ಲಿ ಸುಮಾರು 200 ಮೀಟರು ಬಂದಿರುತ್ತದೆ. ಸೆಕೆಂಡಿಗೆ 0.9 ಮೀಟರು ಮಾತ್ರ ನಡೆಯಬಲ್ಲ ಮುದುಕಿಗಾದರೋ 260 ಮೀಟರಿನವರೆಗೆ ರಸ್ತೆ ತೆರವಾಗಿರಬೇಕು. ಕತ್ತಲಲ್ಲಿ, ಎರಡು ದೀಪಗಳಷ್ಟೇ ಕಾಣುವಾಗ, ಈ ದೂರವನ್ನು ಕಣ್ಣಳತೆಯಿಂದ ನಿರ್ಧರಿಸುವುದು ಹೇಗೆ?

ಸ್ಕೈವಾಕ್ ಇದೆಯಲ್ಲ ಎನ್ನಬಹುದು. 60 ಕಿಲೋಗ್ರಾಂ ತೂಕದವರು 6 ಮೀಟರು ಹತ್ತಿದರೆ ಮಾಡುವ ಕೆಲಸ ಸುಮಾರು 3,500 ಜೂಲು. ಸ್ನಾಯುಗಳು ವ್ಯಯಿಸುವ ಶಕ್ತಿಯಲ್ಲಿ ಹೆಚ್ಚುಕಡಿಮೆ ಕಾಲು ಭಾಗ ಮಾತ್ರ ಇಂಥ ಕೆಲಸವಾಗಿ ಪರಿಣಮಿಸುವುದರಿಂದ ದೇಹಕ್ಕೆ ತಗಲುವ ವೆಚ್ಚ 14,000 ಜೂಲು. ಅಂದರೆ ಸಮನೆಲದಲ್ಲಿ ಸುಮಾರು 70 ಮೀಟರು ನಡೆದಷ್ಟು. ತರುಣರಿಗೆ ಇದೇನೂ ಅಲ್ಲ. ಪಾಳಿಯುದ್ದಕ್ಕೂ ನಿಂತು ದುಡಿದ ಮೊಣಕಾಲು ಬೇರೆ ಮಾತನ್ನೇ ಹೇಳುತ್ತದೆ. ಪಾಠ ಹೇಳುವ ನಾವೇ ಆ ಮೆಟ್ಟಿಲುಗಳನ್ನು ಕಂಡು ಹಿಂಜರಿದದ್ದುಂಟು.

ಅಮೆರಿಕದ ಸಿಯಾಟಲ್ ಮತ್ತು ಬಾಲ್ಟಿಮೋರ್ ಪ್ರದೇಶಗಳ 32 ಬಡಾವಣೆಗಳಲ್ಲಿ ಜೇಮ್ಸ್ ಸ್ಯಾಲಿಸ್ ಮತ್ತು ಸಂಗಡಿಗರು ನಡೆಸಿದ ಅಧ್ಯಯನವು 2009ರಲ್ಲಿ ಪ್ರಕಟವಾಯಿತು. ನಡೆಯಲು ಅನುಕೂಲವಾದ ಬಡಾವಣೆಗಳಲ್ಲಿ ಉಳ್ಳವರೂ ಇಲ್ಲದವರೂ ಹೆಚ್ಚಾಗಿಯೇ ನಡೆಯುತ್ತಿದ್ದರು. ಇದನ್ನು ಹಾಗೆಯೇ ಮಾಕಳಿಗೆ ಅನ್ವಯಿಸಿದರೆ ಮೋಸಹೋದೇವು. 2011ರ ಜನಗಣತಿಯಂತೆ, ಕೃಷಿ ಮತ್ತು ಗೃಹಕೈಗಾರಿಕೆಗಳನ್ನು ಬಿಟ್ಟು ಇತರ ದುಡಿಮೆಯಲ್ಲಿದ್ದ ಸುಮಾರು 20 ಕೋಟಿ ಭಾರತೀಯರಲ್ಲಿ ನಾಲ್ಕೂವರೆ ಕೋಟಿ ಮಂದಿ ಕೆಲಸಕ್ಕೆ ನಡೆದೇ ಹೋಗುತ್ತಿದ್ದರು. ಅವರಲ್ಲಿ ಎಷ್ಟೋ ಮಂದಿ ನಡೆದುದು ಬೀದಿ ಚೆನ್ನಾಗಿದ್ದುದರಿಂದಲ್ಲ, ಬೇರೆ ದಾರಿಯಿಲ್ಲದುದರಿಂದ. ಹೆಜ್ಜೆಗಳನ್ನು ಎಣಿಸುವ ಉಪಕರಣವು ಸುಖವನ್ನೂ ನಿರ್ಬಂಧವನ್ನೂ ಒಂದೇ ಅಂಕಿಯಲ್ಲಿ ಬರೆಯುತ್ತದೆ! ಕಾರುಳ್ಳವನು ಕೆಟ್ಟ ಬೀದಿಯಲ್ಲಿ ನಡೆಯುವುದನ್ನು ಬಿಡುತ್ತಾನೆ. ಇಲ್ಲದವಳು ಅದರಲ್ಲಿಯೇ ನಡೆಯುತ್ತಾಳೆ.

ಆದುದರಿಂದ ಹೆಜ್ಜೆಗಳೊಡನೆ ಬೀದಿಯನ್ನೂ ಅಳೆಯಬೇಕು. ವಸತಿ ಪ್ರದೇಶದ ಕಾಲುದಾರಿಯಲ್ಲಿ ಅಡೆತಡೆಯಿಲ್ಲದ ಅಗಲ 1.8 ಮೀಟರಿಗೆ ಕಡಿಮೆಯಿರಬಾರದು, ಅಂಚುಗಲ್ಲು 15 ಸೆಂಟಿಮೀಟರನ್ನು ಮೀರಬಾರದು ಎಂದು ಭಾರತೀಯ ರಸ್ತೆ ಕಾಂಗ್ರೆಸ್ಸಿನ 2012ರ ಮಾರ್ಗಸೂಚಿ ಹೇಳುತ್ತದೆ. ಓದುಗ ಮಿತ್ರರು ಒಂದು ಅಳತೆ ಟೇಪನ್ನು ಹಿಡಿದು ಮನೆಯಿಂದ ಬಸ್ ನಿಲ್ದಾಣದವರೆಗೆ ಹೋಗಿಬರಲಿ. ಅಗಲವನ್ನು ಎಲ್ಲೆಲ್ಲಿ ಅಳೆದಿರೆಂಬುದರ ಜೊತೆಗೆ, ಎಷ್ಟು ಸಲ ರಸ್ತೆಗೆ ಇಳಿಯಬೇಕಾಯಿತೆಂಬುದನ್ನೂ ಗುರುತು ಹಾಕಿಕೊಳ್ಳಿ.