ಬಿಗಿನರ್ ಅಂದ್ರೆ ಪಾಸಾ, ಫೇಲಾ?

ಕಳೆದ ತಿಂಗಳು ಅಲ್ಲಾಳಸಂದ್ರದ ಅಕ್ಕನ ಮನೆಗೆ ಹೋಗಿದ್ದೆ. ಸಂಜೆ ಕೆರೆ ಕಡೆ ಒಂದು ಸುತ್ತು ಹಾಕಿ ಬರೋಣ ಅಂತ ಹೊರಟವನನ್ನು ಬಾಗಿಲಲ್ಲೇ ತಡೆದು ಮಗಳ ಪ್ರೋಗ್ರೆಸ್ ಕಾರ್ಡ್ ಕೈಗಿಟ್ಟಳು. ಖಾಸಗಿ ಶಾಲೆ, ಮೂರನೇ ಕ್ಲಾಸು. ನಾಲ್ಕು ಪುಟ ಇದ್ದರೂ ಎಲ್ಲೂ ಒಂದು ಮಾರ್ಕ್ಸ್ ಇಲ್ಲ. ಸಾಲು ಸಾಲು ವಾಕ್ಯಗಳು, ಪಕ್ಕದಲ್ಲಿ ಬಿಗಿನರ್, ಪ್ರೊಫಿಶಿಯೆಂಟ್, ಅಡ್ವಾನ್ಸ್‌ಡ್ ಅಂತ ಟಿಕ್.

"ಇಷ್ಟೊಂದು ಫೀಸು ಕಟ್ಟಿದೀನಿ ಕಣೋ. ಇವಳು ಪಾಸಾ, ಫೇಲಾ ಅಂತ ಒಂದು ಮಾತು ಹೇಳೋಕಾಗಲ್ವಾ ಇವರಿಗೆ?"

ಅಕ್ಕನ ಸಿಟ್ಟು ನ್ಯಾಯವಾದದ್ದೇ. ಶಾಲೆಯವರು ಕಾರ್ಡ್ ಕೊಟ್ಟರೇ ಹೊರತು ಅದನ್ನು ಓದೋದು ಹೇಗೆ ಅಂತ ಹೇಳಿಕೊಟ್ಟಿಲ್ಲ. ಗಣಿತದ ಪುಟದಲ್ಲಿ 'ಮೂರಂಕಿ ಸಂಖ್ಯೆಗಳ ದಶಕಸಹಿತ ವ್ಯವಕಲನ' ಅನ್ನೋ ಸಾಲಿನ ಮುಂದೆ ಮಾತ್ರ ಬಿಗಿನರ್ ಇತ್ತು. ಸೊಸೆಮುದ್ದನ್ನು ಕರೆದು 503ರಲ್ಲಿ 278 ಕಳಿ ಅಂದೆ. ಚಕಚಕ ಅಂತ 375 ಬರೆದಳು. ಮೂರರಲ್ಲಿ ಎಂಟು ಹೋಗಲ್ಲ, ಅದಕ್ಕೆ ಎಂಟರಲ್ಲಿ ಮೂರು ಕಳೆದಿದ್ದಾಳೆ. ಸೊನ್ನೆಯ ಹತ್ತಿರವೂ ಅದೇ ಕಥೆ. ಪ್ರತಿ ಮನೆಯಲ್ಲೂ ದೊಡ್ಡದರಿಂದ ಚಿಕ್ಕದು! ಉಳಿದ ಲೆಕ್ಕಗಳೆಲ್ಲ ಸರಿ ಇದ್ದ ಹುಡುಗಿಗೆ ಹಳೇ ಕಾಲದ ಕಾರ್ಡ್ 'ಗಣಿತ: 72' ಅಂತ ಹೇಳಿ ಸುಮ್ಮನಾಗ್ತಿತ್ತು. ಈ ಕಾರ್ಡ್ ಎಲ್ಲಿ ಸಿಕ್ಕಿಕೊಂಡಿದ್ದಾಳೆ ಅಂತ ಬೆರಳಿಟ್ಟು ತೋರಿಸಿತು.

ಇದನ್ನೇ ಇಂಗ್ಲಿಷ್‌ನಲ್ಲಿ ಸ್ಟ್ಯಾಂಡರ್ಡ್ಸ್ ಬೇಸ್‌ಡ್ ಗ್ರೇಡಿಂಗ್ ಅಂತಾರೆ. ಮಗು ಕಲಿಯಬೇಕಾದ್ದನ್ನು ಸಣ್ಣ ಸಣ್ಣ ತುಂಡು ಮಾಡಿ, ಒಂದೊಂದನ್ನೂ ಬೇರೆ ಬೇರೆಯಾಗಿ ನೋಡೋದು. ಹೋಂವರ್ಕ್ ತಡ ಮಾಡಿದ್ದಕ್ಕೆ, ಅಕ್ಷರ ದುಂಡಗಿಲ್ಲದ್ದಕ್ಕೆ ಗಣಿತದಲ್ಲಿ ಕಡಿತ ಇಲ್ಲ. ಮುಖ್ಯವಾಗಿ, ಸರಾಸರಿ ತೆಗೆಯೋದಿಲ್ಲ. ಜೂನ್‌ನಲ್ಲಿ 20, ಅಕ್ಟೋಬರ್‌ನಲ್ಲಿ 40, ಮಾರ್ಚ್‌ನಲ್ಲಿ 90 ತೆಗೆದ ಮಗುವಿನ ಸರಾಸರಿ 50. ಆದ್ರೆ ಅದಕ್ಕೆ ಈಗ ಲೆಕ್ಕ ಬರುತ್ತೆ ತಾನೇ? ಜೂನ್‌ನಲ್ಲಿ ಬರ್ತಿರಲಿಲ್ಲ ಅನ್ನೋ ತಪ್ಪಿಗೆ ವರ್ಷವಿಡೀ ದಂಡ ಯಾಕೆ?

ಇದು ಫಾರಿನ್ ಸರಕು ಅಂತ ಮೂಗು ಮುರಿಯೋರು ನಮ್ಮ ಸರ್ಕಾರಿ ಶಾಲೆಯ ನಲಿ ಕಲಿ ಕೋಣೆಗೆ ಒಮ್ಮೆ ಹೋಗಿ ಬರಬೇಕು. ಆಂಧ್ರದ ರಿಷಿ ವ್ಯಾಲಿಯ ಪ್ರಯೋಗ ನೋಡಿ ಬಂದ ಮೈಸೂರು ಜಿಲ್ಲೆ ಹೆಗ್ಗಡದೇವನಕೋಟೆಯ ಸರ್ಕಾರಿ ಮೇಷ್ಟ್ರುಗಳು 1995ರಲ್ಲಿ ಯುನಿಸೆಫ್ ನೆರವಿನಿಂದ ಶುರು ಮಾಡಿದ್ದು ಇದು. 2009ರ ಹೊತ್ತಿಗೆ ರಾಜ್ಯದ ಕನ್ನಡ ಮಾಧ್ಯಮ ಸರ್ಕಾರಿ ಶಾಲೆಗಳಿಗೆಲ್ಲ ಬಂತು. ಒಂದರಿಂದ ಮೂರನೇ ತರಗತಿ ಮಕ್ಕಳು ಒಂದೇ ಕೋಣೆಯಲ್ಲಿ. ಪಾಠದ ಬದಲು ಕಾರ್ಡುಗಳು, ಅವುಗಳನ್ನು ಜೋಡಿಸಿದ ಕಲಿಕಾ ಏಣಿ, ಅಲ್ಲಲ್ಲಿ ಮೈಲಿಗಲ್ಲು. ಒಂದು ಮೆಟ್ಟಿಲು ಗಟ್ಟಿಯಾದ ಮೇಲೇ ಮುಂದಿನದು. ಯಾರು ಎಲ್ಲಿದ್ದಾರೆ ಅಂತ ಗೋಡೆಯ ಪ್ರಗತಿ ನೋಟದಲ್ಲಿ ಗುರುತು.

ಅಕ್ಕನ ಬೀದಿಯಲ್ಲಿ ಇಸ್ತ್ರಿ ಗಾಡಿ ಇಟ್ಟಿರೋ ಯಾದಗಿರಿ ಕಡೆಯವರ ಮಗ ಇಂಥ ಕೋಣೆಯಲ್ಲೇ ಓದ್ತಿದ್ದಾನೆ. ತೊಗರಿ ಕೊಯ್ಲಿಗೆ ಅಂತ ಮನೆಮಂದಿ ಊರಿಗೆ ಹೋದರೆ ತಿಂಗಳುಗಟ್ಟಲೆ ಶಾಲೆ ಇಲ್ಲ. ವಾಪಸ್ ಬಂದಾಗ ಕ್ಲಾಸು ಇಪ್ಪತ್ತು ಪುಟ ಮುಂದೆ ಓಡಿರೋದಿಲ್ಲ; ಬಿಟ್ಟುಹೋದ ಮೆಟ್ಟಿಲಿಂದಲೇ ಹತ್ತಬಹುದು. ನಲಿ ಕಲಿಯ ದೊಡ್ಡ ಗುಣ ಇದು, ಅಂತ ನನ್ನ ಅಭಿಪ್ರಾಯ. ಶಿಕ್ಷಕರ ಕಷ್ಟ ಇಲ್ಲ ಅಂತಲ್ಲ. ಮೂರು ತರಗತಿಗೆ ಒಬ್ಬರೇ, ಮೇಲೆ ದಾಖಲೆ ತುಂಬೋ ಕೆಲಸ. ಸುಸ್ತಾದ ಕೈ ಮಗುವನ್ನು ನೋಡದೇ ಟಿಕ್ ಹಾಕಿಬಿಟ್ಟರೆ ಇಡೀ ಏಣಿಯೇ ಸುಳ್ಳು.

ತೊಂದರೆ ಜೋರಾಗೋದು ನಾಲ್ಕನೇ ತರಗತಿಯಲ್ಲಿ. ಏಣಿ ಹೋಗಿ ಪಠ್ಯಪುಸ್ತಕ ಬರುತ್ತೆ. ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನ ಅನ್ನೋ ಹೆಸರೇನೋ ಇದೆ, ಶಿಕ್ಷಣ ಹಕ್ಕು ಕಾಯ್ದೆಯ 29ನೇ ಸೆಕ್ಷನ್ ಅದನ್ನೇ ಹೇಳೋದು. ಆದ್ರೆ ಎಫ್‌ಎ, ಎಸ್‌ಎ ಅಂಕಗಳನ್ನೆಲ್ಲ ಕೂಡಿಸಿ ಕೊನೆಗೆ ಎ ಪ್ಲಸ್, ಬಿ ಪ್ಲಸ್ ಅಂತ ಬರೆದರೆ ಅದು ಮಾರ್ಕ್ಸಿಗೇ ಬೇರೆ ಅಂಗಿ ತೊಡಿಸಿದ ಹಾಗೆ. ಬಿ ಪ್ಲಸ್ ತಗೊಂಡ ಮಗುವಿಗೆ ಏನು ಬರಲ್ಲ ಅಂತ ಆ ಅಕ್ಷರ ಹೇಳೋದಿಲ್ಲ.

ಇದರ ಮೇಲೆ ಪಬ್ಲಿಕ್ ಪರೀಕ್ಷೆಯ ಗೀಳು. ಎಂಟನೇ ತರಗತಿ ಮುಗಿಯೋವರೆಗೆ ಯಾವ ಮಗುವೂ ಬೋರ್ಡ್ ಪರೀಕ್ಷೆ ಪಾಸು ಮಾಡಬೇಕಿಲ್ಲ ಅಂತ 30ನೇ ಸೆಕ್ಷನ್ ಸ್ಪಷ್ಟವಾಗಿದೆ. ಆದರೂ 2024ರ ಮಾರ್ಚ್‌ನಲ್ಲಿ 5, 8, 9ನೇ ತರಗತಿಗೆ ರಾಜ್ಯಮಟ್ಟದ ಪರೀಕ್ಷೆ ಶುರುವಾಗಿ, ಕೋರ್ಟ್ ಆದೇಶದಿಂದ ನಡುವೆ ನಿಂತು, ಮತ್ತೆ ನಡೆದು, ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಫಲಿತಾಂಶಕ್ಕೆ ತಡೆ ಕೊಟ್ಟಿತು. ಹತ್ತು ವರ್ಷದ ಮಕ್ಕಳು ಹೈಕೋರ್ಟ್, ಸುಪ್ರೀಂ ಕೋರ್ಟ್ ಸುದ್ದಿ ಕಾಯ್ತಾ ಕೂತಿದ್ವು. ಅದೇ ಡಿಸೆಂಬರ್‌ನಲ್ಲಿ ಕೇಂದ್ರ ನಿಯಮ ಬದಲಿಸಿತು: ಐದು ಮತ್ತು ಎಂಟರಲ್ಲಿ ವಾರ್ಷಿಕ ಪರೀಕ್ಷೆ ಪಾಸಾಗದಿದ್ದರೆ ಎರಡು ತಿಂಗಳೊಳಗೆ ಮರುಪರೀಕ್ಷೆ, ಅದರಲ್ಲೂ ಆಗದಿದ್ದರೆ ಅದೇ ತರಗತಿ. 503ರಲ್ಲಿ 278 ಕಳೆಯೋಕೆ ಬಾರದ ಮಗು ಕನ್ನಡ, ಪರಿಸರ ಎಲ್ಲವನ್ನೂ ಇನ್ನೊಂದು ವರ್ಷ ಕೇಳಬೇಕು.

ಇದರ ಬಿಸಿ ಅಕ್ಕನ ಮಗಳಿಗೆ ಅಷ್ಟು ತಟ್ಟಲ್ಲ, ಟ್ಯೂಷನ್ ಇದೆ. ಇಸ್ತ್ರಿ ಗಾಡಿಯವರು ಮೊನ್ನೆ ಕೇಳಿದ್ರು: "ಐದನೇತ್ತಕ್ಕ ನಪಾಸ್ ಮಾಡ್ತಾರಂತಲ್ರೀ ಸರ, ಖರೇನ್ರೀ?"

ಕಾನೂನು ಅದನ್ನ ಕಡ್ಡಾಯ ಮಾಡಿಲ್ಲ, 2019ರ ತಿದ್ದುಪಡಿ ನಿರ್ಧಾರವನ್ನು ಆಯಾ ಸರ್ಕಾರಕ್ಕೇ ಬಿಟ್ಟಿದೆ ಅಂದೆ. "ಹಂಗಾರ ನಮ್ಮ ಸರ್ಕಾರದವ್ರಿಗೇ ಕೇಳ್ಬೇಕು ಅನ್ರೀ" ಅಂತ ಕೆಂಡ ಕೆದಕಿ, ಮುಂದಿನ ಅಂಗಿ ಹಾಸಿದ್ರು.